ಅಧ್ಯಕ್ಷರು ಆಮೇಲೆ ಸಿಗುತ್ತಾರೆ, ಮೊದಲು ಹಲಗೆಯ ಲೆಕ್ಕ ಹಿಡಿಯಿರಿ

ಓದುಗರ ಪತ್ರ: ನಾವು ಒಂಬತ್ತು ಮಂದಿ. ಇಬ್ಬರು ನಿವೃತ್ತ ಇಂಜಿನಿಯರುಗಳು, ಒಬ್ಬ ವಕೀಲರು, ಒಬ್ಬ ಉಪನ್ಯಾಸಕಿ, ಒಬ್ಬ ಬೋಟಿನವರು, ಉಳಿದವರು ಕೃಷಿಕರು. ಹವಾಮಾನ ಬದಲಾವಣೆಯ ಬಗ್ಗೆ ಭಾಷಣ ಕೇಳಿ ಸಾಕಾಗಿದೆ. ಸರಕಾರದ ನೀತಿಯನ್ನೇ ತಿದ್ದಿಸುವ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಕಟ್ಟಬೇಕೆಂದಿದ್ದೇವೆ. ಹೆಸರುವಾಸಿ ಹಿರಿಯರೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿದರೆ ಬಾಗಿಲು ತೆರೆದುಕೊಳ್ಳುತ್ತದೆಯೆ? ಟ್ರಸ್ಟ್ ಒಳ್ಳೆಯದೋ, ಸಂಘವೋ? ಹೊರದೇಶದ ಹಣ ತರಬಹುದೆ? ಹೆಸರು ಏನಿಡಬಹುದು?
— ಬ್ರಹ್ಮಾವರ ಕಡೆಯ ಓದುಗರು

ಸಂಪಾದಕರ ಉತ್ತರ:

ನಾಲ್ಕು ಪ್ರಶ್ನೆ ಕೇಳಿದ್ದೀರಿ, ಐದನೆಯದನ್ನು ಬಿಟ್ಟಿದ್ದೀರಿ. ಯಾವ ಆದೇಶದ ಯಾವ ಸಾಲು ಬದಲಾಗಬೇಕು? ಅದು ಗೊತ್ತಾಗದೆ ಯಾರು ಮುಂದೆ ನಿಲ್ಲಬೇಕೆಂದು ಹೇಳುವುದು ಕಷ್ಟ. ಆದ್ದರಿಂದ ನಿಮ್ಮ ಊರಿನದ್ದೇ ಒಂದು ವಿಷಯ ಹಿಡಿದು ಶುರುಮಾಡುತ್ತೇವೆ: ಕಿಂಡಿ ಅಣೆಕಟ್ಟು.

ಸೀತಾ, ಸ್ವರ್ಣಾ ಹೊಳೆಗಳಿಗೂ ಅವುಗಳಿಗೆ ಸೇರುವ ತೋಡುಗಳಿಗೂ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುವುದು, ಮುಂದಿನ ಮಳೆಗೆ ಮೊದಲು ಎಬ್ಬಿಸುವುದು, ಕೆಲಸ ಇಷ್ಟೇ. ಮೇಲಿನ ಗದ್ದೆಗಳ ಸುಗ್ಗಿ, ಕೊಳಕೆ ಬೆಳೆ, ಅಕ್ಕಪಕ್ಕದ ಬಾವಿಗಳ ಸಿಹಿನೀರು ಎಲ್ಲ ಆ ಹಲಗೆ ಯಾವ ದಿನ ಇಳಿಯಿತು ಎಂಬುದರ ಮೇಲೆ ನಿಂತಿದೆ. ತಡವಾಗಿ ಇಳಿಸಿದರೆ ಎರಡು ರೀತಿಯ ನಷ್ಟ. ಹರಿವು ಇಳಿದಿರುವುದರಿಂದ ಕಟ್ಟ ತುಂಬುವುದಿಲ್ಲ. ಅಳಿವೆಗೆ ಹತ್ತಿರದ ಕಟ್ಟವಾದರೆ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ಉಪ್ಪುನೀರು ಆಗಲೇ ಮೇಲೆ ಹತ್ತಿರುತ್ತದೆ, ಆಮೇಲೆ ಹಲಗೆ ಹಾಕಿದರೆ ಉಪ್ಪನ್ನೇ ಒಳಗೆ ಕೂಡಿಹಾಕಿದಂತೆ. ಇಳಿತದ ಹೊತ್ತು ನೋಡಿ, ಮೇಲಿನಿಂದ ಸಿಹಿನೀರು ಇನ್ನೂ ಜೋರಾಗಿ ಬರುತ್ತಿರುವಾಗಲೇ ಮುಚ್ಚಬೇಕು. ಎಬ್ಬಿಸುವುದು ತಡವಾದರೆ ಮೊದಲ ದೊಡ್ಡ ಮಳೆಗೆ ಮರದ ಕೊಂಬೆ, ಕಸ ಎಲ್ಲ ಹಲಗೆಗೆ ಸಿಕ್ಕಿ, ಹೊಳೆ ಕಟ್ಟದ ಪಕ್ಕದ ದಂಡೆ ಕೊರೆದು ದಾರಿ ಮಾಡಿಕೊಳ್ಳುತ್ತದೆ.

ಇದರಲ್ಲಿ ನೀತಿ ಎಲ್ಲಿದೆ ಎಂದು ಕೇಳಬಹುದು. ಕಟ್ಟುವುದಕ್ಕೆ ಹಣ ಬರುತ್ತದೆ, ಪಶ್ಚಿಮ ವಾಹಿನಿಯಂಥ ಯೋಜನೆಗಳೇ ಇವೆ. ಹಲಗೆ ಇಳಿಸುವ ಕೂಲಿ, ಕೊಳೆತ ಹಲಗೆಯ ಬದಲಿ, ಸಂದಿಗೆ ತುಂಬುವ ಮಣ್ಣು, ಇವುಗಳ ಖರ್ಚು ಯಾರ ತಲೆಯ ಮೇಲಿದೆ ಎಂಬುದು ಮಾತ್ರ ಸಣ್ಣ ನೀರಾವರಿ ಇಲಾಖೆ, ಗ್ರಾಮ ಪಂಚಾಯತ್, ಬಳಕೆದಾರರ ಗುಂಪು ಇವರ ನಡುವೆ ತೂಗುತ್ತಿರುತ್ತದೆ. ಜಿಲ್ಲಾಡಳಿತದ ಒಂದು ಆದೇಶದಲ್ಲಿ ಕಟ್ಟಕಟ್ಟಕ್ಕೂ ಹಲಗೆ ಇಳಿಸುವ ದಿನ, ಎಬ್ಬಿಸುವ ದಿನ, ಹೊಣೆಗಾರ ಅಧಿಕಾರಿಯ ಹುದ್ದೆ, ಅಕ್ಟೋಬರ್ ಒಳಗೆ ಕೂಲಿಯ ಹಣ ಬಿಡುಗಡೆ, ಈ ನಾಲ್ಕು ಬಂದರೆ ಅದೇ ಹವಾಮಾನ ನೀತಿ. 2019ರ ಬೇಸಿಗೆಯಲ್ಲಿ ಸ್ವರ್ಣೆಯ ಬಜೆ ಅಣೆಕಟ್ಟು ಬತ್ತಿ ಉಡುಪಿ ನಗರ ನೀರಿಗೆ ಬಾಯಿಬಿಟ್ಟಿತು, ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಸ್ವರ್ಣೆ ಮನೆಯೊಳಗೆ ನುಗ್ಗಿತು. ಎರಡನ್ನೂ ಕಂಡ ಜಿಲ್ಲೆಗೆ ದಿನಾಂಕದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಈಗ ಮುಂದೆ ನಿಲ್ಲುವವರ ವಿಷಯ. ಈ ಕೆಲಸಕ್ಕೆ ಮೊದಲು ಬೇಕಾದವರು ಕಡತ ಓದಬಲ್ಲವರು. ನಿಮ್ಮ ವಕೀಲರು ಆಗಬಹುದು, ತಾಳ್ಮೆಯಿರುವ ಬೇರೆ ಯಾರಾದರೂ ಆಗಬಹುದು. ಅವರ ಮೊದಲ ಕೆಲಸ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ ₹10. ಇದು ಗೊತ್ತಿಲ್ಲದೆ ಮೂರು ಪುಟ ಬರೆದು ತಿರಸ್ಕಾರ ಪಡೆಯುವವರೇ ಹೆಚ್ಚು. ಇನ್ನೊಂದು ತಪ್ಪು, "ಯಾಕೆ ತಡವಾಯಿತು" ಎಂದು ಕೇಳುವುದು. ಕಾಯ್ದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. "ಕಳೆದ 5 ವರ್ಷ ಇಂಥ ಕಟ್ಟಕ್ಕೆ ಹಲಗೆ ಅಳವಡಿಸಿದ ಮತ್ತು ತೆಗೆದ ಕೆಲಸದ ಕಾರ್ಯಾದೇಶ, ಅಳತೆ ಪುಸ್ತಕದ ಪುಟ, ಪಾವತಿ ಬಿಲ್ಲಿನ ಪ್ರತಿ" ಎಂದು ಕೇಳಿ. ದಿನಾಂಕ ತಾನಾಗಿ ಅದರೊಳಗೇ ಬರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಈ ದಿನಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕುವವರು ನಿಮ್ಮಲ್ಲಿ ಯಾರು? ಅವರನ್ನೇ ಕಾರ್ಯದರ್ಶಿ ಮಾಡಿ.

ಎರಡನೆಯವರು ಅಳೆಯುವವರು. ಇಂಜಿನಿಯರುಗಳಿಬ್ಬರಿಗೆ ಇದನ್ನು ಒಪ್ಪಿಸಿ. ಕಟ್ಟದ ಮೇಲೆ, ಕೆಳಗೆ, ಅಂಚಿನಲ್ಲಿ ಸೇರಿ 12ರಿಂದ 15 ಬಾವಿ ಆರಿಸಿ, ಡಿಸೆಂಬರ್‌ನಿಂದ ಮೇ ತನಕ 15 ದಿನಕ್ಕೊಮ್ಮೆ ನೀರಿನ ಕರಗಿದ ಲವಣಾಂಶ ಅಳೆಯಲಿ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಸಾಕು, ದುಬಾರಿಯೇನಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ 10500 ಹೇಳುವಂತೆ ಲೀಟರಿಗೆ 500 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ನೀರು ಸಿಗದಿದ್ದರೆ 2000ದವರೆಗೆ. ಕ್ಲೋರೈಡಿಗೆ ಆ ಸಂಖ್ಯೆಗಳು 250 ಮತ್ತು 1000. ಎರಡು ತಿಂಗಳಿಗೊಮ್ಮೆ ಮೂರ್ನಾಲ್ಕು ಮಾದರಿಯನ್ನು ಮಾನ್ಯತೆಯಿರುವ ಪ್ರಯೋಗಾಲಯಕ್ಕೂ ಕೊಡಿ, ಇಲ್ಲದಿದ್ದರೆ ಕಚೇರಿಯವರು ನಿಮ್ಮ ಮೀಟರನ್ನು ಆಟಿಕೆ ಎನ್ನುತ್ತಾರೆ. ಅಳತೆ ಹಾಳಾಗುವುದು ಸಣ್ಣ ಕಾರಣಗಳಿಗೆ. ಒಮ್ಮೆ ಪಂಪು ಹಾಕುವ ಮೊದಲು, ಇನ್ನೊಮ್ಮೆ ಒಂದು ತಾಸು ಪಂಪು ಓಡಿದ ಮೇಲೆ ನೀರು ತೆಗೆದರೆ ಎರಡನ್ನು ಹೋಲಿಸುವ ಹಾಗಿಲ್ಲ. ಪ್ರಮಾಣಿತ ದ್ರಾವಣದಲ್ಲಿ ಮೀಟರನ್ನು ಸರಿಹೊಂದಿಸದೆ ಇಟ್ಟರೆ ಅದು ನಿಧಾನಕ್ಕೆ ಸುಳ್ಳು ಹೇಳತೊಡಗುತ್ತದೆ. ಬಾವಿಯ ಗುರುತು ಸಂಖ್ಯೆ, ಹೊತ್ತು, ಆ ದಿನದ ಉಬ್ಬರವೋ ಇಳಿತವೋ, ಅಳೆದವರ ಸಹಿ, ಇಷ್ಟಿಲ್ಲದ ಸಾಲನ್ನು ಪುಸ್ತಕಕ್ಕೆ ಸೇರಿಸಬೇಡಿ. ಮಳೆಯ ಲೆಕ್ಕಕ್ಕೆ ನೀವು ಮಾಪಕ ನೆಡಬೇಕಿಲ್ಲ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯತ್ ಮಟ್ಟದಲ್ಲೇ ಇವೆ.

ಮೂರನೆಯವರು ಕೆಲಸ ಕೆಟ್ಟರೆ ತಮ್ಮ ಹೊಟ್ಟೆಗೇ ಪೆಟ್ಟು ಬೀಳುವವರು. ಕೃಷಿಕರು, ಬೋಟಿನವರು ನಿಮ್ಮಲ್ಲಿದ್ದಾರೆ. ಅವರನ್ನು ಸಲಹಾ ಸಮಿತಿಯಲ್ಲಿ ಕೂರಿಸಿ ಸುಮ್ಮನಾಗಬೇಡಿ, ಮತ ಹಾಕುವ ಆಡಳಿತ ಸಮಿತಿಯಲ್ಲೇ ಇರಲಿ. ಬೋಟಿನವರಿಗೆ ಬಿಡುವು ಸಿಗುವುದು ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ರಜೆಯಲ್ಲಿ. ಮಹಾಸಭೆಯನ್ನು ಆ ದಿನಗಳಲ್ಲಿ ಇಟ್ಟರೆ ಬರುತ್ತಾರೆ, ಸೆಪ್ಟೆಂಬರ್‌ನಲ್ಲಿ ಇಟ್ಟು "ಕಡಲಿನವರು ಬರಲೇ ಇಲ್ಲ" ಎಂದರೆ ತಪ್ಪು ನಿಮ್ಮದೇ.

ನಾಲ್ಕನೆಯವರು ಖಜಾಂಚಿ. ಬೇಡ ಎನ್ನಲು ಅಂಜದವರು ಬೇಕು, ಬಾಕಿಯೆಲ್ಲ ಕಲಿಯಬಹುದು.

ಹೆಸರುವಾಸಿ ಅಧ್ಯಕ್ಷರಿಂದ ಬಾಗಿಲು ತೆರೆಯುತ್ತದೆ ನಿಜ, ಒಳಗೆ ಹೋದಮೇಲೆ ಮೇಜಿನ ಮೇಲಿಡಲು ಏನಿದೆ ಎಂಬುದೇ ಮಾತು. ಹೊರಗಿನ ಉದಾಹರಣೆ ನೋಡಿ. ಪುಣೆಯಲ್ಲಿ 1994ರಲ್ಲಿ ಹುಟ್ಟಿದ ಪ್ರಯಾಸ್‌ನ ಇಂಧನ ತಂಡವನ್ನು ಕಟ್ಟಿದವರಲ್ಲಿ ಗಿರೀಶ್ ಸಂತ್ ಮುಖ್ಯರು. ಅಮೆರಿಕದ ಎನ್ರಾನ್ ಕಂಪನಿಯ ದಾಭೋಲ್ ವಿದ್ಯುತ್ ಒಪ್ಪಂದವನ್ನು ಆ ತಂಡ ಕೂತು ಓದಿ, ಯೂನಿಟ್‌ಗೆ ಏನು ಬೀಳುತ್ತದೆಂದು ಲೆಕ್ಕಹಾಕಿತು. ಆಮೇಲೆ ಮನೆಮನೆಯ ವೋಲ್ಟೇಜನ್ನು ದಾಖಲಿಸುವ ಪುಟ್ಟ ಯಂತ್ರ ಕೂರಿಸಿ ವಿದ್ಯುತ್ ಪೂರೈಕೆಯ ನಿಜಸ್ಥಿತಿ ತೋರಿಸಿತು. ಸಂತ್ 2012ರಲ್ಲಿ ತೀರಿಕೊಂಡರೂ ತಂಡ ನಿಲ್ಲಲಿಲ್ಲ. ಒಬ್ಬರ ಹೆಸರಿನ ಮೇಲೆ ಕಟ್ಟಿರಲಿಲ್ಲ, ಅದಕ್ಕೆ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ರೆಗ್ಯುಲೇಟರಿ ಅಸಿಸ್ಟೆನ್ಸ್ ಪ್ರಾಜೆಕ್ಟನ್ನು ಸ್ಥಾಪಿಸಿದವರು ವಿದ್ಯುತ್ ನಿಯಂತ್ರಣ ಆಯೋಗಗಳಲ್ಲಿ ಕೂತು ಆದೇಶ ಬರೆದವರೇ. ವಿಜ್ಞಾನ, ತಂತ್ರಜ್ಞಾನ, ನೀತಿಯ ಅಧ್ಯಯನ ನಡೆಸುವ ಬೆಂಗಳೂರಿನ ಸಿಸ್ಟೆಪ್ ಸಂಸ್ಥೆಯನ್ನು 2005ರಲ್ಲಿ ಕಟ್ಟಿದ ವಿ.ಎಸ್. ಅರುಣಾಚಲಂ ರಕ್ಷಣಾ ವಿಜ್ಞಾನಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವನ್ನು 1980ರಲ್ಲಿ ಶುರುಮಾಡಿದ ಅನಿಲ್ ಅಗರ್ವಾಲ್ ಪತ್ರಕರ್ತರು. ಕಸುಬು ಬೇರೆಬೇರೆ, ಆದರೆ ಎಲ್ಲರೂ ತಮ್ಮ ಕಸುಬನ್ನೇ ಸಂಸ್ಥೆಗೆ ತಂದವರು.

ಮಾಜಿ ಶಾಸಕರ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ, ಬೇಡ. ಮುಂದಿನ ಚುನಾವಣೆಯಲ್ಲಿ ಅವರು ಎದುರು ಪಕ್ಷದಲ್ಲಿದ್ದರೆ ನಿಮ್ಮ ಬಾವಿಯ ಅಂಕಿಗಳೂ ಆ ಪಕ್ಷದ್ದಾಗಿಬಿಡುತ್ತವೆ. ಚುನಾವಣೆಗೆ ನಿಂತವರು ಮೂರು ವರ್ಷ ಪದಾಧಿಕಾರಿಯಾಗುವಂತಿಲ್ಲ ಎಂದು ಬೈಲಾದಲ್ಲೇ ಬರೆದಿಡಿ. ಸೋಲಾರ್ ಏಜೆನ್ಸಿ ಇರುವವರು, ಕಡಲ್ಕೊರೆತದ ತಡೆಗೋಡೆಗೆ ಕಲ್ಲು ಸಾಗಿಸುವವರು, ಕರಾವಳಿ ನಿಯಂತ್ರಣ ವಲಯದೊಳಗೆ ರೆಸಾರ್ಟ್ ಇರುವವರು ಸದಸ್ಯರಾಗಲಿ, ಅಡ್ಡಿಯಿಲ್ಲ. ಆದರೆ ಹಿತಾಸಕ್ತಿಯ ಪುಸ್ತಕವೊಂದರಲ್ಲಿ ಪ್ರತಿವರ್ಷ ಬರೆದು ಸಹಿ ಹಾಕಲಿ, ಆ ವಿಷಯ ಬಂದಾಗ ಸಭೆಯಿಂದ ಎದ್ದುಹೋಗಲಿ. ನಿಮ್ಮ ನಿವೃತ್ತ ಇಂಜಿನಿಯರು ಸಣ್ಣ ನೀರಾವರಿಯವರೇ ಆಗಿದ್ದರೆ ತಮ್ಮ ಕಾಲದ ಕಡತವನ್ನು ತಾವೇ ಪರಿಶೀಲಿಸುವುದು ಬೇಡ.

ಕಡತ ಓದುವವರಿಗೆ ಇನ್ನೊಂದು ಕೆಲಸವಿದೆ, ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ನಡೆಯುವ ಸಾರ್ವಜನಿಕ ಅಹವಾಲು ಸಭೆ. 2006ರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ನಮ್ಮವರು ಅಲ್ಲಿ ಮೈಕ್ ಹಿಡಿದು ಗುಡುಗುತ್ತಾರೆ, ಚಪ್ಪಾಳೆ ಬೀಳುತ್ತದೆ, ಬರಹದಲ್ಲಿ ಏನೂ ಕೊಡದೆ ಮನೆಗೆ ಬರುತ್ತಾರೆ. ಸಭೆಯಲ್ಲಿ ಎದ್ದ ಆಕ್ಷೇಪಕ್ಕೆ ಅಂತಿಮ ವರದಿಯಲ್ಲಿ ಉತ್ತರ ಬರಲೇಬೇಕು, ಆದ್ದರಿಂದ ಆಕ್ಷೇಪಕ್ಕೆ ಸಂಖ್ಯೆ ಹಾಕಿ, ವರದಿಯ ಪುಟ ನಮೂದಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನ, ಸಕಾರಣವಿದ್ದರೆ ಇನ್ನು 60. 91ನೆಯ ದಿನ ಅದರ ಪೀಠವಿರುವ ಚೆನ್ನೈಗೆ ಹೊರಟರೆ ರೈಲಿನ ಖರ್ಚು ಮಾತ್ರ.

ವಿಷಯ ಆರಿಸುವಾಗ ಮೋಹಕ್ಕೆ ಬೀಳಬೇಡಿ. ಮನೆಮನೆಗೆ ಸೋಲಾರ್ ಎಂಬುದು ಕೇಳಲು ಚೆಂದ, ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟಿಗೆ ₹78,000 ಸಹಾಯಧನವೂ ಇದೆ. ಆದರೆ ಗೃಹಜ್ಯೋತಿಯಲ್ಲಿ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅಷ್ಟರವರೆಗೆ, 200 ಯೂನಿಟ್ ಮೀರದಿದ್ದರೆ, ಬಿಲ್ಲೇ ಇಲ್ಲ. ತಿಂಗಳಿಗೆ 120 ಯೂನಿಟ್ ಸುಡುವ ಮನೆಗೆ 132ರ ತನಕ ಶೂನ್ಯ. ಅಂಥ ಮನೆಯವರು ಸ್ವಂತ ಹಣ ಹಾಕುತ್ತಾರೆಯೆ? ಐಸ್ ಪ್ಲಾಂಟು, ಸಭಾಭವನ, ಶಾಲೆಗಳ ಲೆಕ್ಕ ಬೇರೆ. ಅದನ್ನು ಹಿಡಿಯುವುದಾದರೆ ವಿದ್ಯುತ್ ಪೂರೈಸುವ ಮೆಸ್ಕಾಂ ಕಂಪನಿಯ ದರ ಅರ್ಜಿಯ ವಿಚಾರಣೆಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಪ್ರಮಾಣಪತ್ರದೊಡನೆ ಆಕ್ಷೇಪಣೆ ಸಲ್ಲಿಸುವುದನ್ನು ಕಲಿಯಬೇಕು.

ಟ್ರಸ್ಟೋ ಸಂಘವೋ? ನಿಮಗೆ ಸಂಘ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಮಂದಿ ಸಾಕು, ನೀವು ಒಂಬತ್ತು ಇದ್ದೀರಿ. ಟ್ರಸ್ಟಿನಲ್ಲಿ ಧರ್ಮದರ್ಶಿಯನ್ನು ಇಳಿಸುವುದು ಕಷ್ಟ, ಒಂದು ಮನೆತನದ ಕೈಗೆ ಹೋಗುವುದು ಸುಲಭ. ಕಂಪನಿ ಕಾಯ್ದೆಯ ಕಲಂ 8ರ ಲಾಭರಹಿತ ಕಂಪನಿಯಾದರೆ ಶಿಸ್ತು ಹೆಚ್ಚು, ವಾರ್ಷಿಕ ದಾಖಲೆ ತಡವಾದರೆ ದಿನಕ್ಕೆ ₹100ರಂತೆ ದಂಡ ಬೆಳೆಯುತ್ತದೆ. ಸಂಘದಲ್ಲಿ ಮರೆಯಬಾರದ್ದು ಮಹಾಸಭೆಯ ನಂತರ 14 ದಿನದೊಳಗೆ ಸಮಿತಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸುವುದು. ನೋಂದಣಿ ಮಣಿಪಾಲದ ಜಿಲ್ಲಾ ಕಚೇರಿಗಳ ಸಂಕೀರ್ಣ ರಜತಾದ್ರಿಯಲ್ಲಿ, ಸಹಕಾರ ಇಲಾಖೆಯ ಕಡೆಯಿಂದ. ಉದ್ದೇಶದ ಪುಟದಲ್ಲಿ "ಸಾರ್ವಜನಿಕ ಹಿತ" ಎಂದಷ್ಟೇ ಗೀಚಬೇಡಿ. "ಜಲಾನಯನ, ಅರಣ್ಯ ಸಹಿತ ಪರಿಸರ ಸಂರಕ್ಷಣೆ" ಎಂದು ಬರೆಯಿರಿ. ತೆರಿಗೆ ಕಾಯ್ದೆಯಲ್ಲಿ ಅದು ಪ್ರತ್ಯೇಕ ಧರ್ಮಕಾರ್ಯ, ಬರೇ ಸಾರ್ವಜನಿಕ ಹಿತವಾದರೆ ಶುಲ್ಕದ ಆದಾಯಕ್ಕೆ ಶೇ 20ರ ಮಿತಿ ಕೊರಳಿಗೆ ಬರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯ ಕಲಂ ಸಂಖ್ಯೆಗಳೇ ಬೇರೆ, ಪಕ್ಕದ ಸಂಘದ ಹಳೆಯ ಅರ್ಜಿ ನೋಡಿ ನಕಲು ಮಾಡಬೇಡಿ.

ಹೊರದೇಶದ ಹಣ ಸದ್ಯಕ್ಕೆ ಮರೆತುಬಿಡಿ. ಮೂರು ವರ್ಷ ಕೆಲಸ ಮಾಡಿ, ಆ ಅವಧಿಯಲ್ಲಿ ಮೂಲ ಉದ್ದೇಶಕ್ಕೆ ₹15 ಲಕ್ಷ ಖರ್ಚು ಮಾಡಿದ ಮೇಲಷ್ಟೇ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಗೆ ಅರ್ಜಿ. 2020ರ ತಿದ್ದುಪಡಿಯ ಮೇಲೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ, ಆಡಳಿತ ಖರ್ಚಿಗೆ ಶೇ 20ರ ಮಿತಿ, ಇನ್ನೊಂದು ಸಂಸ್ಥೆಗೆ ವರ್ಗಾವಣೆ ನಿಷಿದ್ಧ. ನೀತಿ ಸಂಸ್ಥೆಯ ಖರ್ಚು ಹೆಚ್ಚಿನದ್ದು ಸಂಬಳವೇ, ಅದು ಆಡಳಿತ ಖರ್ಚೋ ಕಾರ್ಯಕ್ರಮದ್ದೋ ಎಂಬ ತಕರಾರು ಅಲ್ಲೇ ಏಳುತ್ತದೆ. ಊರಿನಲ್ಲೇ ಎತ್ತಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಕೂಡಿಸಿದ ಜಿಲ್ಲೆ ಇದು. ತಿಂಗಳಿಗೆ ₹200 ಕೊಡುವ ನೂರು ಸದಸ್ಯರಿದ್ದರೆ ಒಬ್ಬ ಅರೆಕಾಲಿಕ ಸಂಶೋಧಕರ ಗೌರವಧನ ಹುಟ್ಟುತ್ತದೆ. ₹2,000 ಮೀರಿದ ನಗದು ದಾನಕ್ಕೆ ದಾನಿಗೆ ತೆರಿಗೆ ರಿಯಾಯಿತಿ ಇಲ್ಲ, ರಸೀದಿ ಪುಸ್ತಕದ ಮೇಲೇ ಅಚ್ಚು ಹಾಕಿಸಿ. ಚೆಕ್ಕಿಗೆ ಮೂವರಲ್ಲಿ ಇಬ್ಬರ ಸಹಿ, ಆ ಮೂವರಲ್ಲಿ ಇಬ್ಬರು ಒಂದೇ ಮನೆಯವರಾಗಿರಬಾರದು.

ಹೆಸರಿನ ವಿಷಯ. "ಕರ್ನಾಟಕ ಸರಕಾರ", "ರಾಷ್ಟ್ರೀಯ ಆಯೋಗ" ಎಂಬ ಭಾವನೆ ಹುಟ್ಟಿಸುವ ಹೆಸರಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡಬರುತ್ತದೆ. ಹೊಳೆಯ ಹೆಸರಾದರೆ ತೊಂದರೆಯಿಲ್ಲ. ಅದೇ ಹೆಸರಿನ ಸಂಘ ಜಿಲ್ಲೆಯಲ್ಲಿ ಆಗಲೇ ಇರಬಹುದು, ಇನ್ನೆರಡು ಹೆಸರು ಜೇಬಿನಲ್ಲಿಟ್ಟುಕೊಂಡೇ ರಜತಾದ್ರಿಯ ಮೆಟ್ಟಿಲು ಹತ್ತಿ.

— ಸಂ.