ಯೂರೊ ಬಂತು, ತೆರಿಗೆ ಕಟ್ಟಬೇಕೆ?

ಪ್ರಶ್ನೆ: ಮೇಡಂ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷವಾಯಿತು. ಮನೆಯಲ್ಲೇ ಕುಳಿತು ಜರ್ಮನಿಯ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ತಿಂಗಳಿಗೆ 1,500 ಯೂರೊ, ಅಂದಾಜು ಒಂದೂವರೆ ಲಕ್ಷ ರೂಪಾಯಿ ಬರುತ್ತದೆ. ಅವರು ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ (ಟಿಡಿಎಸ್) ಹಿಡಿಯುವುದಿಲ್ಲ. ಹೊರದೇಶದ ಹಣಕ್ಕೆ ತೆರಿಗೆಯೇ ಇಲ್ಲ ಎನ್ನುತ್ತಾನೆ ಗೆಳೆಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಅಪ್ಪನ ತೋಟದ ಅಡಿಕೆ ಆದಾಯವೆಂದು ತೋರಿಸು ಎನ್ನುತ್ತಾರೆ ನೆಂಟರು. ಜಿಎಸ್‌ಟಿ ಶೇ 18 ಕಟ್ಟಬೇಕೆಂದು ಇನ್ನೊಬ್ಬರು ಹೆದರಿಸಿದ್ದಾರೆ. ಕಳೆದ ವರ್ಷದ ರಿಟರ್ನ್ಸ್ ಕೂಡ ಸಲ್ಲಿಸಿಲ್ಲ.
– ಓದುಗ, ಶಿರಸಿ ತಾಲ್ಲೂಕು

ಉತ್ತರ: ಮೊದಲು ಅಡಿಕೆಯ ಮಾತು. ದಯವಿಟ್ಟು ಹಾಗೆ ಮಾಡಬೇಡಿ. ಯೂರೊ ಯಾರಿಂದ, ಯಾವ ಉದ್ದೇಶಕ್ಕೆ ಬಂತೆಂಬುದು ಬ್ಯಾಂಕಿನ ದಾಖಲೆಯಲ್ಲೇ ಇರುತ್ತದೆ. ನಾಳೆ ನೋಟಿಸ್ ಬಂದರೆ ತಂದೆಯವರೂ ಉತ್ತರ ಕೊಡಬೇಕಾಗುತ್ತದೆ. ಇಂಥ ಸಲಹೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ನಿಮ್ಮಂಥವರಿಗೆ ಸುಳ್ಳು ಲೆಕ್ಕದ ಅಗತ್ಯವೇ ಇಲ್ಲ.

ಭಾರತದ ನಿವಾಸಿ ಎಲ್ಲಿಂದ ದುಡಿದರೂ ಆ ಆದಾಯ ಇಲ್ಲಿನ ತೆರಿಗೆಗೆ ಒಳಪಡುತ್ತದೆ. ಟಿಡಿಎಸ್ ಹಿಡಿದಿಲ್ಲವೆಂದರೆ ಲೆಕ್ಕ ನೀವೇ ಮಾಡಬೇಕು, ಅಷ್ಟೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನಲ್ಲಿ ಮಾಹಿತಿ ತಂತ್ರಜ್ಞಾನ ವೃತ್ತಿಯೂ ಸೇರಿದೆ. ವರ್ಷದ ಒಟ್ಟು ಗಳಿಕೆಯ ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು, ಖರ್ಚಿನ ರಸೀದಿ ಯಾರೂ ಕೇಳುವುದಿಲ್ಲ. (ಅನುವಾದಕರು, ಬರಹಗಾರರು ಈ ಪಟ್ಟಿಯಲ್ಲಿಲ್ಲ, ಅವರು ನಿಮ್ಮ ಲೆಕ್ಕ ನೋಡಿ ತಮ್ಮದು ಮಾಡಬಾರದು.) ನಿಮ್ಮ 18 ಲಕ್ಷದಲ್ಲಿ ಲಾಭ 9 ಲಕ್ಷ. 2025-26ರ ಹಣಕಾಸು ವರ್ಷಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ, ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ! ಆದರೆ ರಿಟರ್ನ್ಸ್ ಸಲ್ಲಿಸಲೇಬೇಕು.

ನೀವು ಕಳುಹಿಸಿದ ಬ್ಯಾಂಕ್ ಚೀಟಿಯಲ್ಲಿ ಒಂದು ಸಂಗತಿ ಕಂಡಿತು. ಇನ್‌ವಾಯ್ಸ್ 1,500 ಯೂರೊದ್ದು, ಕೈಗೆ ಬಂದದ್ದು 1,470ರ ರೂಪಾಯಿ. ನಡುವಿನ 30 ಯೂರೊ ಬ್ಯಾಂಕುಗಳ ಶುಲ್ಕ. ಗಳಿಕೆಯೆಂದು ಬರೆಯಬೇಕಾದದ್ದು ಪೂರ್ತಿ 1,500. ಆ 30 ಯೂರೊ, ಖರ್ಚಿಗೆಂದು ಬಿಟ್ಟ ಉಳಿದರ್ಧದೊಳಗೇ ಸೇರಿಹೋಗಿದೆ. ಪ್ರತಿ ತಿಂಗಳೂ ಇನ್‌ವಾಯ್ಸ್ ಜೊತೆಗೆ ವಿದೇಶಿ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪತ್ರವನ್ನೂ ಪಿನ್ ಹಾಕಿ ಇಡಿ.

ಆ ಪತ್ರ ಜಿಎಸ್‌ಟಿಗೂ ಬೇಕು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ನೀವು ಗಡಿಯ ಹತ್ತಿರವಿದ್ದೀರಿ. ಇನ್ನೊಬ್ಬ ಗ್ರಾಹಕ ಸಿಕ್ಕರೆ ದಾಟಿಬಿಡುತ್ತೀರಿ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಿ. ಹೊರದೇಶಕ್ಕೆ ಮಾಡಿಕೊಟ್ಟ ಸೇವೆ ರಫ್ತು, ಅದಕ್ಕೆ ತೆರಿಗೆ ದರ ಶೂನ್ಯ. ತೆರಿಗೆ ಕಟ್ಟದೆ ರಫ್ತು ಮಾಡುತ್ತೇನೆಂದು ಆರ್‌ಎಫ್‌ಡಿ-11 ನಮೂನೆಯಲ್ಲಿ ವರ್ಷಕ್ಕೊಮ್ಮೆ ಮುಚ್ಚಳಿಕೆ ಸಲ್ಲಿಸಿದರೆ ಶೇ 18 ಕಟ್ಟಿ ಮತ್ತೆ ವಾಪಸು ಕೇಳುವ ತಾಪತ್ರಯವಿಲ್ಲ.

ಕಳೆದ ವರ್ಷದ್ದು ಮಾತ್ರ ಬಾಕಿ. 2024-25ರಲ್ಲಿ ರಿಯಾಯಿತಿ 7 ಲಕ್ಷಕ್ಕೇ ನಿಂತಿತ್ತು. ಆಗಲೂ 18 ಲಕ್ಷವೇ ಬಂದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ 41,600 ರೂಪಾಯಿ, ಮೇಲೆ ಬಡ್ಡಿ, ತಡದ ಶುಲ್ಕ. ಗಡುವು ಮೀರಿದ ರಿಟರ್ನ್ಸ್‌ಗೆ ಇರುವ ಐಟಿಆರ್-ಯು ನಮೂನೆಯನ್ನು 2027ರ ಮಾರ್ಚ್ 31ರೊಳಗೆ ಸಲ್ಲಿಸಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಇನ್ನೂ ಶೇ 25 ಹೆಚ್ಚುವರಿ. ಆಮೇಲೆ ಶೇ 50. ಈ ತಿಂಗಳ ಯೂರೊ ಬಂದ ಕೂಡಲೇ ಮೊದಲು ಇದನ್ನು ಕಟ್ಟಿಬಿಡಿ.