ಹೊಗೆಯಲ್ಲಿ ಸಿಕ್ಕ ಕತ್ತೆ ಮೇವು ಬಿಟ್ಟಿದ್ದರೆ

ಕಪ್ಪತಗುಡ್ಡದ ಅಂಚಿನ ಹುಲ್ಲಿಗೆ ಬೆಂಕಿ ಬಿದ್ದಾಗ ಹೊಗೆಯಲ್ಲಿ ಸಿಕ್ಕ ಎರಡು ಕತ್ತೆಗಳನ್ನು ತಂದು ಸಾಕುತ್ತಿರುವ ತಾವು, ಮೈಮೇಲೆ ಗಾಯವಿಲ್ಲದಿದ್ದರೂ ಒಂದು ಏಕೆ ಮೇವು ಬಿಟ್ಟಿದೆ, ಯಾವಾಗ ಹೇರು ಹೊರಿಸಬಹುದು ಎಂದು ಕೇಳಿದ್ದೀರಿ.

ಮೇವು ಬಿಟ್ಟಿರುವುದೇ ಮೊದಲ ಆತಂಕ. ಕತ್ತೆ ತನ್ನ ನೋವನ್ನು ಸುಲಭವಾಗಿ ತೋರಿಸಿಕೊಳ್ಳುವ ಪ್ರಾಣಿಯಲ್ಲ. ಅದು ಉಪವಾಸ ಬಿದ್ದರೆ ಮೈಯೊಳಗಿನ ಕೊಬ್ಬು ಕರಗಿ ರಕ್ತದಲ್ಲಿ ತುಂಬಿಕೊಂಡು ಯಕೃತ್ತನ್ನು ಕೆಡಿಸುತ್ತದೆ, ಅದರಲ್ಲೂ ಮೈತುಂಬಿದ ಕತ್ತೆಗೆ ಈ ಅಪಾಯ ಹೆಚ್ಚು. ಆದ್ದರಿಂದ ನಾಳೆ ನೋಡೋಣ ಎನ್ನದೆ ಇಂದೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುವೈದ್ಯರನ್ನು ಕರೆಸಿಕೊಳ್ಳಿ. ಜೊತೆಗಾರ ಕತ್ತೆಯನ್ನು ಪಕ್ಕದಲ್ಲೇ ಕಟ್ಟಿರಿ. ಅಗಲಿಸಿದರೆ ಆ ಕೊರಗಿಗೇ ಇನ್ನೊಂದೂ ಮೇವು ಬಿಟ್ಟೀತು.

ಹೊಗೆಯಿಂದ ಕೆಟ್ಟ ಶ್ವಾಸನಾಳದ ಒಳಪದರ ಮಾಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕೆಮ್ಮು ನಿಂತಿತೆಂದು ಎರಡನೆಯ ವಾರಕ್ಕೇ ಹೇರು ಹೊರಿಸಿ ನಾನೊಮ್ಮೆ ಕುದುರೆಯೊಂದನ್ನು ಮತ್ತೆ ಮಲಗಿಸಿಬಿಟ್ಟೆ, ಆ ತಪ್ಪು ತಮ್ಮಿಂದಾಗದಿರಲಿ. ಧೂಳು ಹಾರುವ ಹೊಟ್ಟನ್ನು ಸದ್ಯ ಕೊಡಬೇಡಿ. ಕಣಿಕೆಯನ್ನು ನೀರಿನಲ್ಲಿ ನೆನೆಸಿ, ಗೋದಲಿಯ ಬದಲು ನೆಲದ ಮೇಲೆ ಹಾಕಿದರೆ, ತಲೆ ತಗ್ಗಿಸಿ ತಿನ್ನುವಾಗ ಕಫವೂ ಇಳಿಯುತ್ತದೆ.

ಗೊರಸು ಮತ್ತು ಚರ್ಮ ಸೇರುವ ಅಂಚನ್ನು ದಿನವೂ ಮುಟ್ಟಿ ನೋಡಿ. ಕಾದ ನೆಲದ ಸುಟ್ಟಗಾಯ ಅಲ್ಲಿ ಎಷ್ಟೋ ದಿನಗಳ ನಂತರ ಕಾಣಿಸಿಕೊಳ್ಳಬಹುದು.