ಟ್ಯಾಬ್ ಕೊಟ್ಟ ಮೇಲೂ ಪ್ಲಾಸ್ಟರ್ ಚೂರಿನ ಮೇಲೆ ಬಿಪಿ ಬರೆಯುವುದೇಕೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
(ಈ ಬಾರಿ ಉತ್ತರಿಸಿದವರು: ಕಾರವಾರದಲ್ಲಿ ನೆಲೆಸಿ ನರ್ಸುಗಳಿಗೆ ತರಬೇತಿ ನೀಡುತ್ತಿರುವ ನಿವೃತ್ತ ಶುಶ್ರೂಷಾ ಅಧೀಕ್ಷಕಿ)

ಪ್ರಶ್ನೆ: ನಾನು ಶಿರಸಿಯ ಖಾಸಗಿ ಆಸ್ಪತ್ರೆಯೊಂದರ ಆಡಳಿತಾಧಿಕಾರಿ. ಕಳೆದ ವರ್ಷ ಪ್ರತಿ ವಾರ್ಡಿಗೂ ಟ್ಯಾಬ್ ಕೊಟ್ಟು, ಬಿಪಿ, ನಾಡಿ, ಜ್ವರ, ಕೊಟ್ಟ ಔಷಧ ಎಲ್ಲವನ್ನೂ ರೋಗಿಯ ಹಾಸಿಗೆಯ ಬಳಿಯೇ ನಮೂದಿಸಬೇಕೆಂದು ಸೂಚಿಸಿದ್ದೇವೆ. ಹಿರಿಯ ನರ್ಸುಗಳು ಮಾತ್ರ ಪಾಳಿ ಮುಗಿಯುವ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ತುಂಬುತ್ತಾರೆ. ಮೂರು ಬಾರಿ ತರಬೇತಿ ಕೊಟ್ಟಿದ್ದಾಯಿತು. ಇವರ ಮನಸ್ಸನ್ನು ಬದಲಿಸುವುದು ಹೇಗೆ?

ಉತ್ತರ: ಊರಿನ ಹೆಸರೊಂದು ಬದಲಾಗಿ ಇದೇ ಪ್ರಶ್ನೆ ಕುಮಟಾದಿಂದಲೂ ಅಂಕೋಲಾದಿಂದಲೂ ನನಗೆ ಬರುತ್ತಲೇ ಇದೆ. ಕೇಳುವವರು ಯಾವಾಗಲೂ ಆಡಳಿತದವರು, ದೋಷ ಯಾವಾಗಲೂ ಹಿರಿಯ ನರ್ಸುಗಳದ್ದು. ವಯಸ್ಸಾದವರಿಗೆ ಯಂತ್ರ ಒಗ್ಗುವುದಿಲ್ಲ ಎಂಬ ಮಾತನ್ನು ಮೊದಲು ಬಿಡಿ. ಕಾರವಾರದ ಭಾನುವಾರದ ಸಂತೆಯಲ್ಲಿ ಫೋನಿನಿಂದ ಸ್ಕ್ಯಾನ್ ಮಾಡಿ ಬಂಗಡೆ ಕೊಳ್ಳುವ, ಮಗನಿಗೆ ಬೆಂಗಳೂರಿಗೆ ಹಣ ಕಳಿಸುವ, ಮೊಮ್ಮಗುವನ್ನು ವಿಡಿಯೋ ಕರೆಯಲ್ಲಿ ಆಡಿಸುವ ಕೈಗಳೇ ನಿಮ್ಮ ವಾರ್ಡಿನಲ್ಲಿ ಟ್ಯಾಬನ್ನು ಮುಟ್ಟುತ್ತಿಲ್ಲವೆಂದರೆ ತೊಡಕು ಕೈಯಲ್ಲಿಲ್ಲ.

ಜನ ಹೊಸ ತಂತ್ರಜ್ಞಾನವನ್ನು ಯಾವಾಗ ಒಪ್ಪುತ್ತಾರೆ ಎಂಬುದರ ಬಗ್ಗೆ ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ಮಾದರಿ ಎರಡೇ ಪ್ರಶ್ನೆಗಳ ಮೇಲೆ ನಿಂತಿದೆ: ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆಯೇ, ಇದನ್ನು ಬಳಸುವುದು ಸುಲಭವೇ. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಇನ್ನೆರಡನ್ನು ಸೇರಿಸಿದರು: ನನಗೆ ಬೇಕಾದವರು, ಮೇಲಿನವರು ಇದನ್ನು ಬಯಸುತ್ತಾರೆಯೇ, ಇದು ಕೈಕೊಟ್ಟಾಗ ನೆರವಿಗೆ ಯಾರಾದರೂ ಇದ್ದಾರೆಯೇ. ನಿಮ್ಮ ಮೂರು ತರಬೇತಿಗಳೂ ಎರಡನೆಯ ಪ್ರಶ್ನೆಯೊಂದಕ್ಕೇ ಉತ್ತರ ಹೇಳಿವೆ ಎಂಬುದು ನನ್ನ ಊಹೆ. ಉಳಿದ ಮೂರಕ್ಕೆ ಉತ್ತರ ಹೇಳಬೇಕಾದವರು ನರ್ಸುಗಳಲ್ಲ, ನೀವು.

ಕರಾವಳಿಯ ಆಸ್ಪತ್ರೆಯೊಂದರಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಇದೇ ದೂರಿನ ಮೇಲೆ ನನ್ನನ್ನು ಕರೆಸಿದ್ದರು. ನಾನು ಭಾಷಣ ಮಾಡುವುದರ ಬದಲು ಮಹಿಳಾ ವಾರ್ಡಿನಲ್ಲಿ ಬೆಳಗಿನ ಪಾಳಿ ಪೂರ್ತಿ ಒಬ್ಬ ಸಿಸ್ಟರ್ ಹಿಂದೆ ನಡೆದೆ. ಆಕೆಯ ಟ್ರಾಲಿಯ ಮೇಲೆ ಬಿಪಿ ಯಂತ್ರ, ಥರ್ಮಾಮೀಟರ್, ಆಕ್ಸಿಮೀಟರ್, ಇಂಜೆಕ್ಷನ್ ಟ್ರೇ ಇದ್ದವು. ಟ್ಯಾಬ್ ಇಡಲು ಜಾಗವಿರಲಿಲ್ಲ. ಕಂಕುಳಲ್ಲಿ ಹಿಡಿದು ನಡೆದರೆ ಕೈಗವಸಿನ ಬೆರಳಿಗೆ ಪರದೆ ಸ್ಪಂದಿಸದು, ಗವಸು ಕಳಚಿದರೆ ಸ್ಯಾನಿಟೈಸರ್‌ನಿಂದ ಒದ್ದೆಯಾದ ಬೆರಳಿಗೆ ತಪ್ಪು ಪುಟ ತೆರೆಯುವುದು. ಮೂರನೆಯ ಹಾಸಿಗೆಯ ಹೊತ್ತಿಗೆ ಆಕೆ ಟ್ಯಾಬನ್ನು ಕಿಟಕಿಯ ಮೇಲಿಟ್ಟು, ಟ್ರೇಯ ಅಂಚಿಗೆ ಒಂದು ಗೇಣು ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಪೆನ್ನಿನಿಂದ ‘7 – 150/90 – 88’ (ಹಾಸಿಗೆಯ ಸಂಖ್ಯೆ, ಬಿಪಿ, ನಾಡಿ) ಎಂದು ಬರೆದುಕೊಂಡರು. ಆಮೇಲೆ ಆ ಪ್ಲಾಸ್ಟರಿನಿಂದ ಕೇಸ್‌ಶೀಟಿಗೆ ಬರೆದರು, ಏಕೆಂದರೆ ರೌಂಡ್ಸಿಗೆ ಬರುವ ವೈದ್ಯರು ಕೇಳುವುದು ಕೇಸ್‌ಶೀಟನ್ನು. ಕೇಸ್‌ಶೀಟಿನಿಂದ ವಾರ್ಡಿನ ರಿಜಿಸ್ಟರಿಗೆ ಬರೆದರು, ಏಕೆಂದರೆ ಇನ್‌ಚಾರ್ಜ್ ಸಿಸ್ಟರ್ ಸಹಿ ಹಾಕುವುದು ರಿಜಿಸ್ಟರಿಗೆ. ಮಧ್ಯಾಹ್ನ ಒಂದೂವರೆಗೆ, ನಾಲ್ಕನೆಯ ಬಾರಿ, ಅದೇ ಅಂಕಿಯನ್ನು ಟ್ಯಾಬಿಗೆ ತುಂಬಿದರು; ಆಗ ಅದು 105/90 ಆಗಿತ್ತು. ಈ ತಪ್ಪನ್ನು ನಾನು ತೋರಿಸಿದಾಗ ಅಲ್ಲಿನ ಆಡಳಿತದವರು ತಕ್ಷಣ ಕೇಳಿದ್ದು ಆ ಸಿಸ್ಟರ್ ಹೆಸರನ್ನು. ನಾನು ಹೇಳಲಿಲ್ಲ.

ಹಾಗೆಂದು ತಡವಾದ ನಮೂದನ್ನು ನಾನು ಸಮರ್ಥಿಸುತ್ತಿಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕಪದ್ಧತಿಯಲ್ಲಿ ಉಸಿರಾಟದ ವೇಗ, ರಕ್ತದ ಆಮ್ಲಜನಕ, ಬಿಪಿ, ನಾಡಿ, ಪ್ರಜ್ಞೆ, ದೇಹದ ಉಷ್ಣತೆ ಎಂಬ ಆರು ಅಂಶಗಳಿಗೆ ಅಂಕ ಕೊಟ್ಟು ಕೂಡುತ್ತಾರೆ. ಮೊತ್ತ 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತಾಗಿ ವೈದ್ಯರನ್ನು ಕರೆಯಬೇಕು. ಟ್ಯಾಬು ಈ ಲೆಕ್ಕವನ್ನು ಕ್ಷಣದಲ್ಲಿ ಮಾಡೀತು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಏರಿದ ಉಸಿರನ್ನು ಮಧ್ಯಾಹ್ನ ಒಂದೂವರೆಗೆ ತುಂಬಿದರೆ ಎಚ್ಚರಿಕೆ ಬರುವುದೂ ಒಂದೂವರೆಗೇ. ಉಸಿರಿನ ಮಾತು ಬಂದುದರಿಂದ ನರ್ಸುಗಳಿಗೂ ಒಂದು ಮಾತು: ವಾರ್ಡಿನ ಎಲ್ಲ ರೋಗಿಗಳೂ ನಿಮಿಷಕ್ಕೆ ಸರಿಯಾಗಿ 18 ಬಾರಿ ಉಸಿರಾಡುವ ಪವಾಡವನ್ನು ನಾನು ಕೇಸ್‌ಶೀಟುಗಳಲ್ಲಿ ಮೂವತ್ತು ವರ್ಷ ನೋಡಿದ್ದೇನೆ, ಈಗ ಟ್ಯಾಬುಗಳಲ್ಲಿಯೂ ನೋಡುತ್ತಿದ್ದೇನೆ. ಗಡಿಯಾರ ಹಿಡಿದು ಒಂದು ನಿಮಿಷ ಎದೆಯನ್ನು ನೋಡದವರಿಗೆ ಯಾವ ತಂತ್ರಾಂಶವೂ ನೆರವಾಗದು.

ಆದ್ದರಿಂದ ನಾಲ್ಕನೆಯ ತರಬೇತಿಯನ್ನು ರದ್ದುಮಾಡಿ, ನೀವೇ ಒಂದು ಪಾಳಿ ವಾರ್ಡಿನಲ್ಲಿ ನಡೆದು, ಒಂದು ಬಿಪಿ ಅಂಕಿಯನ್ನು ಎಷ್ಟು ಕಡೆ ಬರೆಯುತ್ತಾರೆಂದು ಎಣಿಸಿ. ಬಳಿಕ ಒಂದು ದಿನಾಂಕ ಗೊತ್ತುಮಾಡಿ ಅಂದಿನಿಂದ ರಿಜಿಸ್ಟರನ್ನು ನಿಲ್ಲಿಸಿ. ಅದಕ್ಕೂ ಮೊದಲು ನಿಮ್ಮ ವೈದ್ಯರು ರೌಂಡ್ಸಿನಲ್ಲಿ ಟ್ಯಾಬನ್ನೇ ಕೇಳುವಂತೆ ಮಾಡಿ, ಇದು ನರ್ಸುಗಳ ಮನಸ್ಸು ಬದಲಿಸುವುದಕ್ಕಿಂತ ಕಷ್ಟದ ಕೆಲಸವೆಂದು ನನಗೆ ಗೊತ್ತು. ಟ್ರಾಲಿಗೆ ಟ್ಯಾಬ್ ನಿಲ್ಲಿಸುವ ಒಂದು ಹಿಡಿಕೆ ಹಾಕಿಸಿ. ರಾತ್ರಿ ಎರಡು ಗಂಟೆಗೆ ಅದು ನಿಂತುಹೋದರೆ ಯಾರಿಗೆ ಫೋನು ಮಾಡಬೇಕೆಂಬುದನ್ನು ಗೋಡೆಯ ಮೇಲೆ ಬರೆಸಿ, ಆ ವ್ಯಕ್ತಿ ಫೋನ್ ಎತ್ತುತ್ತಾರೆಯೇ ಎಂದು ನೀವೇ ಒಂದು ರಾತ್ರಿ ಪರೀಕ್ಷಿಸಿ. ಘಟ್ಟದ ಮೇಲಿನ ಆಷಾಢದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವುದು ನಿಮಗೆ ಹೊಸತಲ್ಲ. ಅಂಥ ದಿನಕ್ಕೆಂದು ಮುದ್ರಿಸಿದ ಹಾಳೆಗಳ ಒಂದು ಕಟ್ಟು ಪ್ರತಿ ವಾರ್ಡಿನಲ್ಲಿ ಇರಲಿ. ಕಾಗದವನ್ನು ಪೂರ್ತಿ ಬಿಟ್ಟ ಆಸ್ಪತ್ರೆಯಲ್ಲಿ ನಾನಂತೂ ರೋಗಿಯಾಗಿ ಮಲಗಲಾರೆ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಿಗ್ಗೆ ಒಬ್ಬರು ಪಾಸ್‌ವರ್ಡ್ ಹಾಕಿ ತೆರೆದ ಟ್ಯಾಬಿನಲ್ಲಿ ವಾರ್ಡಿನ ಎಲ್ಲ ನರ್ಸುಗಳೂ ದಿನವಿಡೀ ತುಂಬುವ ರೂಢಿ ನಿಮ್ಮಲ್ಲಿಯೂ ಇದ್ದೀತು. ನಾಳೆ ಔಷಧದಲ್ಲಿ ಎಡವಟ್ಟಾದರೆ ಉತ್ತರಿಸಬೇಕಾದವರು ಪಾಸ್‌ವರ್ಡಿನ ಒಡತಿ. ಇದನ್ನು ಬರೇ ಉದಾಸೀನವೆಂದು ಬೈಯಬೇಡಿ. 2008ರಲ್ಲಿ ಅಮೆರಿಕದ ರಾಸ್ ಕೊಪೆಲ್ ತಂಡ ಬಾರ್‌ಕೋಡ್ ನೋಡಿ ಔಷಧ ಕೊಡುವ ವ್ಯವಸ್ಥೆಯನ್ನು ಪರಿಶೀಲಿಸಿದಾಗ ನರ್ಸುಗಳು ಹಿಡಿದ 15 ಬಗೆಯ ಅಡ್ಡದಾರಿಗಳು ಸಿಕ್ಕವು. ರೋಗಿಯ ಕೈಪಟ್ಟಿಯ ಬಾರ್‌ಕೋಡಿನ ಪ್ರತಿಯನ್ನು ಬೇರೆಡೆ ಅಂಟಿಸಿಕೊಂಡು ಅಲ್ಲಿಯೇ ಸ್ಕ್ಯಾನ್ ಮಾಡುವುದೂ ಅವುಗಳಲ್ಲಿ ಒಂದು. ಕಾರಣಗಳನ್ನು ಹುಡುಕಿದರೆ ಓದಲಾಗದ ಬಾರ್‌ಕೋಡ್, ಬ್ಯಾಟರಿ ಇಳಿದ ಸ್ಕ್ಯಾನರ್, ಸಿಗದ ನೆಟ್‌ವರ್ಕ್. ಅಡ್ಡದಾರಿ ಕಂಡಲ್ಲಿ ಮೊದಲು ನೇರ ದಾರಿಯ ಹೊಂಡವನ್ನು ನೋಡಬೇಕು.

ಪ್ರಶ್ನೆ: ಸಲೈನನ್ನು ಗೊತ್ತುಮಾಡಿದ ವೇಗದಲ್ಲಿ ತಾನೇ ಹರಿಸುವ ಇನ್‌ಫ್ಯೂಷನ್ ಪಂಪ್ ಬಂದ ಮೇಲೆಯೂ ಸಲೈನಿನ ಹನಿ ಎಣಿಸುವುದನ್ನು ಕಲಿಯಬೇಕೇ? (ನರ್ಸಿಂಗ್ ವಿದ್ಯಾರ್ಥಿನಿ, ಹೊನ್ನಾವರ)

ಉತ್ತರ: ಕಲಿಯಲೇಬೇಕು. 500 ಮಿ.ಲೀ. ದ್ರವ 8 ಗಂಟೆಯಲ್ಲಿ ಹೋಗಬೇಕಾದರೆ ಗಂಟೆಗೆ 62.5 ಮಿ.ಲೀ.; ಮಿ.ಲೀ.ಗೆ 20 ಹನಿ ಬೀಳುವ ಸಲೈನ್ ಸೆಟ್ಟಿನಲ್ಲಿ (ಕೊಳವೆಯಲ್ಲಿ) ನಿಮಿಷಕ್ಕೆ ಸುಮಾರು 21 ಹನಿ. ಈ ಲೆಕ್ಕ ತಲೆಯಲ್ಲಿ ಇಲ್ಲದವರಿಗೆ, ಬಿಂದು ಬಿಟ್ಟುಹೋಗಿ ಪಂಪಿನಲ್ಲಿ 625 ಎಂದು ಬಿದ್ದರೂ ಅದು ತಪ್ಪೆಂದು ಹೊಳೆಯುವುದಿಲ್ಲ.

ಪ್ರಶ್ನೆ: ಡಿಜಿಟಲ್ ಬಿಪಿ ಯಂತ್ರ ಸುಳ್ಳು ಹೇಳುತ್ತದೆ, ಪಾದರಸದ್ದೇ ನಿಜ ಎನ್ನುತ್ತಾರೆ. ಹೌದೇ? (ಭಟ್ಕಳ)

ಉತ್ತರ: ತೋಳಿಗೆ ಹೊಂದದ ಪಟ್ಟಿ ಕಟ್ಟಿದರೆ ಎರಡೂ ಸುಳ್ಳು ಹೇಳುತ್ತವೆ. ನಾಡಿಯ ಲಯ ತಪ್ಪಿದವರಿಗೆ ಮಾತ್ರ ಸ್ಟೆತಸ್ಕೋಪ್ ಇಟ್ಟು ಕೈಯಿಂದಲೇ ನೋಡಿ.

ಪ್ರಶ್ನೆ: ಎರಡು ದಿನದಲ್ಲಿ ‘ಡಿಜಿಟಲ್ ನರ್ಸಿಂಗ್’ ಪ್ರಮಾಣಪತ್ರ ಕೊಡುವವರು ಹದಿನೈದು ಸಾವಿರ ಕೇಳುತ್ತಿದ್ದಾರೆ. ಸೇರಬಹುದೇ? (ಸಿದ್ದಾಪುರ)

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ.

ಪ್ರಶ್ನೆ: ಐಸಿಯು ಮಾನಿಟರಿನ ಕಿರಣಗಳಿಂದ ಗರ್ಭಕ್ಕೆ ತೊಂದರೆಯೆಂದು ಅತ್ತೆ ಕೆಲಸ ಬಿಡಲು ಹೇಳುತ್ತಿದ್ದಾರೆ. ನನಗೆ ನಾಲ್ಕು ತಿಂಗಳು. (ಸ್ಟಾಫ್ ನರ್ಸ್, ಕುಮಟಾ)

ಉತ್ತರ: ಮಾನಿಟರಿನಿಂದ ಏನೂ ಆಗದು. ವಾರ್ಡಿಗೆ ಪೋರ್ಟಬಲ್ ಎಕ್ಸ್-ರೇ ಯಂತ್ರ ಬಂದಾಗ ಮಾತ್ರ ಸಂಕೋಚಪಡದೆ ಹೊರಗೆ ಹೋಗಿ, ಗರ್ಭಿಣಿಯೆಂಬುದನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ಇಂದೇ ಬರೆದು ಕೊಡಿ.